ಮೂರು ತಿಂಗಳು ಮುಟ್ಟಿಲ್ಲ ಅಂತ ಫೋನು ವಾಪಸ್ ಕೊಡೋ ಮುಂಚೆ

ಬೆಂಗಳೂರಲ್ಲಿ ಕೊಕೇನ್ ಚಟ ಹಿಡಿದ ಹುಡುಗನಿಗೆ ಚಿಕಿತ್ಸೆ ಕೊಡಿಸಿ ಚಿಕ್ಕಮಗಳೂರಿನ ತೋಟಕ್ಕೆ ಕರ್ಕೊಂಡು ಬರ್ತಾರೆ. ಮೂರು ತಿಂಗಳಾಗುತ್ತೆ. ಹೊಟ್ಟೆತುಂಬ ಊಟ, ಒಳ್ಳೇ ನಿದ್ದೆ, ಕಾಫಿ ಕುಯ್ಲಿನ ಲೆಕ್ಕಾನೂ ಅವನದೇ. 'ಸರಿಹೋದ ಬಿಡಿ' ಅಂತ ಮನೆಯವರು ಫೋನು, ಎಟಿಎಂ ಕಾರ್ಡು ವಾಪಸ್ ಕೊಡ್ತಾರೆ. ಅದಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.

ನರಕೋಶಗಳ ನಡುವೆ ಬಿಡುಗಡೆಯಾದ ಡೋಪಮೈನನ್ನ (ಸುಖ, ಆಸೆಗೆ ಸಂಬಂಧಿಸಿದ ಮಿದುಳಿನ ರಾಸಾಯನಿಕ) ಟ್ರಾನ್ಸ್‌ಪೋರ್ಟರ್ ಅನ್ನೋ ಪ್ರೋಟೀನು ವಾಪಸ್ ಎಳ್ಕೊಳ್ಳುತ್ತೆ. ಕೊಕೇನ್ ಮುಚ್ಚೋದು ಈ ತೂಬನ್ನೇ. ನೀರು ಹೋಗದ ಗದ್ದೆ ಥರ ಡೋಪಮೈನ್ ಅಲ್ಲೇ ನಿಲ್ಲುತ್ತೆ. ಮೂಗಿಗೆ ಎಳೆದರೆ ಅಮಲು 15ರಿಂದ 30 ನಿಮಿಷ, ಇಳೀತಿದ್ದ ಹಾಗೆ ಇನ್ನೊಂದು ಲೈನ್. ವರ್ಷಗಟ್ಟಲೆ ಹೀಗೇ ನಡೆದರೆ ಡೋಪಮೈನನ್ನ ಹಿಡಿಯೋ ಡಿ2 ಗ್ರಾಹಕಗಳು ಕಮ್ಮಿಯಾಗಿ ಬೇರೆ ಯಾವ ಸುಖಾನೂ ರುಚಿಸಲ್ಲ.

ಬಿಟ್ಟವನು ಮತ್ತೆ ಯಾಕೆ ಬೀಳ್ತಾನೆ ಅನ್ನೋದಕ್ಕೆ ಡೋಪಮೈನ್ ಒಂದೇ ಸಾಲದು, ನರಕೋಶಗಳನ್ನ ಚುರುಕುಗೊಳಿಸೋ ಗ್ಲುಟಮೇಟ್ ಅನ್ನೋ ಇನ್ನೊಂದು ರಾಸಾಯನಿಕವನ್ನೂ ನೋಡಬೇಕು. 2001ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ಕೊಕೇನ್ ನಿಲ್ಲಿಸಿದ ಮೇಲೆ ಅದನ್ನ ನೆನಪಿಸೋ ಸುಳಿವಿಗೆ ಹಂಬಲ 60 ದಿನದವರೆಗೂ ಏರ್ತಾನೇ ಹೋಯ್ತು. ಸುಮಾರು ಒಂದು ತಿಂಗಳ ಮೇಲೆ ಮಿದುಳಿನ ಸುಖದ ಕೇಂದ್ರವಾದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ನಲ್ಲಿ ಕ್ಯಾಲ್ಸಿಯಂ ಒಳಬಿಡೋ ಹೊಸ ಗ್ಲುಟಮೇಟ್ ಗ್ರಾಹಕಗಳು ಸೇರ್ಕೊಳ್ತವೆ, ಅದೇ ಸುಳಿವು ಜಾಸ್ತಿ ಜೋರಾಗಿ ಬಡಿಯುತ್ತೆ. ಮನುಷ್ಯರ ಮೇಲಿನ 2016ರ ಇಇಜಿ (ಮಿದುಳಿನ ವಿದ್ಯುತ್ ಅಲೆ ಅಳೆಯೋ ಪರೀಕ್ಷೆ) ಅಧ್ಯಯನ ನನಗೆ ಇನ್ನೂ ಮುಖ್ಯ. ಬಾಯಲ್ಲಿ ಹೇಳೋ ಆಸೆ ದಿನ ಕಳೆದಂತೆ ಇಳೀತಿತ್ತು. ಕೊಕೇನ್ ಚಿತ್ರಕ್ಕೆ ಮಿದುಳಿನ ಪ್ರತಿಕ್ರಿಯೆ ಮಾತ್ರ ಒಂದರಿಂದ ಆರು ತಿಂಗಳ ನಡುವೆ ಅತಿ ಹೆಚ್ಚು. 'ನಂಗೆ ಆಸೇನೇ ಇಲ್ಲ' ಅನ್ನುವ ಹುಡುಗ ಸುಳ್ಳು ಹೇಳ್ತಿಲ್ಲ, ಅವನಿಗೇ ಗೊತ್ತಿಲ್ಲ.

ಹಾಗಾಗಿ ಮೊದಲ ಆರು ತಿಂಗಳು ಆಣೆ-ಪ್ರಮಾಣಕ್ಕಿಂತ ಸುಳಿವು ತಪ್ಪಿಸೋದು ಮುಖ್ಯ. ಸಿಮ್ ಬದಲಿಸಿ, ಯುಪಿಐ ತೆಗೆಸಿ. ವೀಕೆಂಡಿಗೆ ಹೋಂಸ್ಟೇಗೆ ಬರೋ ಹಳೇ ಗೆಳೆಯರ ಹತ್ರ ಬಿಡಬೇಡಿ. 'ಒಂದು ಪೆಗ್ ತಾನೆ' ಅಂತಲೂ ಬೇಡ: ಕುಡಿತ ಹಿಡಿತ ಸಡಿಲಿಸುತ್ತೆ, ಕೊಕೇನ್ ಜೊತೆ ಸೇರಿದರೆ ಲಿವರ್‌ನಲ್ಲಿ ಕೊಕೇಥಿಲೀನ್ ಅನ್ನೋ ಬೇರೆ ವಸ್ತುವಾಗಿ ಹೃದಯಕ್ಕೆ ಜಾಸ್ತಿ ಹೊತ್ತು ಕಾಟ ಕೊಡುತ್ತೆ.

ಕೊಕೇನ್ ಚಟಕ್ಕೆ ಅಂತ ಮಾನ್ಯತೆ ಪಡೆದ ಮಾತ್ರೆ, ಇಂಜೆಕ್ಷನ್ ಯಾವುದೂ ಇಲ್ಲ. ಇದೆ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ಹೆಚ್ಚು ಪುರಾವೆ ಇರೋದು ವಾರಕ್ಕೆ ಎರಡು-ಮೂರು ಸಲ ಮೂತ್ರ ಪರೀಕ್ಷೆ ಮಾಡಿ, ಕುರುಹು ಸಿಗದಿದ್ದರೆ ಆಗಲೇ ಬಹುಮಾನ ಕೊಡೋ ಪದ್ಧತಿಗೆ. ಕುರುಹು ಎರಡರಿಂದ ನಾಲ್ಕು ದಿನ ಸಿಗುತ್ತೆ, ಅದಕ್ಕೇ ವಾರಕ್ಕೊಂದು ಪರೀಕ್ಷೆ ಸಾಲಲ್ಲ.

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ, ಮಾದಕ ವ್ಯಸನ ಬಿಡಿಸೋ ಸಹಾಯವಾಣಿ 14446. ಪೊಲೀಸ್ ಭಯಕ್ಕೆ ಮುಚ್ಚಿಡೋರು ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಬಗ್ಗೆ ವಕೀಲರನ್ನ ಕೇಳಿ. ತಾನಾಗಿ ಬಂದು ಸರ್ಕಾರಿ ಅಥವಾ ಮಾನ್ಯತೆ ಇರೋ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಪಡೆಯೋ ವ್ಯಸನಿಗೆ, ಸೇವನೆ ಇಲ್ಲವೇ ಅಲ್ಪ ಪ್ರಮಾಣದ ಕೇಸಿನಿಂದ ಅದರಲ್ಲಿ ರಕ್ಷಣೆ ಇದೆ.