ಹೊಸ ಲ್ಯಾಪ್‌ಟಾಪಿಗೆ ದುಡ್ಡು ಸುರಿಯುವ ಮುಂಚೆ ಡಿಸ್ಕ್ ನೋಡಿ ಮಾರಾಯ್ರೆ

"ಕಂಪ್ಯೂಟರ್ ಭಾರೀ ಸ್ಲೋ ಉಂಟು, ಹೊಸತು ತೆಗೊಳ್ಳುವುದಾ?" ಅಂತ ಕೇಳುವವರಿಗೆಲ್ಲ ನನ್ನದು ಒಂದೇ ಮರುಪ್ರಶ್ನೆ: ಒಳಗಿರುವುದು ತಟ್ಟೆ ತಿರುಗುವ ಹಾರ್ಡ್ ಡಿಸ್ಕಾ, ಚಿಪ್ಪಿನಲ್ಲೇ ಎಲ್ಲ ಹಿಡಿದಿಡುವ ಚುರುಕಿನ ಎಸ್‌ಎಸ್‌ಡಿಯಾ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕೆಂದೂ ಇಲ್ಲ ಬಿಡಿ. ಆದರೆ ಮಾರುವವರಿಗೆ ಗೊತ್ತಿರುತ್ತದಲ್ಲ? ಅವರು ಬಾಯಿ ಬಿಡುವುದಿಲ್ಲ. ಮಳೆಗಾಲ ಶುರುವಾಗುವಾಗ ಮಣಿಪಾಲ, ನಿಟ್ಟೆ, ಸುರತ್ಕಲ್ ಅಂತ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಗಡಿಬಿಡಿ. ಫೀಸು ಕಟ್ಟಿ ಸುಸ್ತಾದವರ ತಲೆಗೆ ಮೇಲಿಂದ ಲ್ಯಾಪ್‌ಟಾಪಿನ ಕಂತು. ಅಕ್ಕ ಓದಿ ಬಿಟ್ಟ ಲ್ಯಾಪ್‌ಟಾಪ್ ಅದೇ ಮನೆಯ ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತಿರುತ್ತದೆ.

ನಿಮ್ಮದರಲ್ಲಿ ಎಂತ ಉಂಟು ಅಂತ ತಿಳಿಯಲು ಬಿಚ್ಚಬೇಕಾಗಿಲ್ಲ. ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ, ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕಿನ ಹೆಸರಿನ ಕೆಳಗೇ ಬರೆದಿರುತ್ತದೆ. ನೀವು ಏನೂ ಮಾಡದೆ ಕೂತಿದ್ದಾಗಲೂ ಡಿಸ್ಕ್ 100% ತೋರಿಸುತ್ತಿದೆ, ಪ್ರೊಸೆಸರ್ ಮಾತ್ರ ಹತ್ತರ ಆಸುಪಾಸಿನಲ್ಲಿ ತೂಕಡಿಸುತ್ತಿದೆ ಅಂತಾದರೆ ರೋಗ ಸಿಕ್ಕಿತು: ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಲ್ಯಾಪ್‌ಟಾಪ್ ಚುರುಕಾಗುತ್ತದೆ.

ಹಾರ್ಡ್ ಡಿಸ್ಕಿನ ಮೂಲ 1956ರದ್ದು. ಐಬಿಎಂ ತಂದ ಆ ಮೊದಲ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು, ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ, ಇವತ್ತಿನ ಮೊಬೈಲಿನ ಒಂದು ಫೋಟೋದಷ್ಟು. ಗಾತ್ರ ಇಳಿದಿದೆ, ಸೂತ್ರ ಬದಲಾಗಲಿಲ್ಲ: ತಟ್ಟೆ ತಿರುಗಬೇಕು, ಓದುವ ಹೆಡ್ ಸರಿದು ಬಂದು ಕಾಯಬೇಕು. ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಹೆಡ್ ಸರಿಯುವ ಹೊತ್ತೂ ಸೇರಿದರೆ ಅಲ್ಲಿ ಇಲ್ಲಿ ಬಿದ್ದ ತುಣುಕುಗಳನ್ನು ಸೆಕೆಂಡಿಗೆ ನೂರು ಹೆಕ್ಕುವುದೂ ಕಷ್ಟ. ವಿಂಡೋಸ್ ಏಳುವಾಗ ಬೇಕಾಗುವುದು ಅಂಥ ಸಾವಿರಾರು ತುಣುಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಸಾಮಾನೇ ಇಲ್ಲ, ಕೇಳಿದ್ದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲೇ ಕೈಗೆ ಬರುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವ ಸೆಕೆಂಡಿಗೆ 550 ಎಂಬಿ ಸ್ಪೀಡು ಸಿನೆಮಾ ಕಾಪಿ ಮಾಡುವಾಗ ಸರಿ. ದಿನನಿತ್ಯದ ಸುಖ ಇರುವುದು ಈ ಹೆಕ್ಕುವ ವೇಗದಲ್ಲಿ.

ನನ್ನದು ಉಡುಪಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ. ಪುಟ ಜೋಡಿಸುವ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ನನ್ನಲ್ಲಿ ಇವತ್ತಿಗೂ ಓಡುತ್ತಿದೆ, ಜೊತೆಗೆ ನುಡಿ ತಂತ್ರಾಂಶದ ಹಳೆ ಕನ್ನಡ ಫಾಂಟುಗಳು. ನಮ್ಮಂಥವರಿಗೆ "ಎಲ್ಲ ತೆಗೆದು ಹೊಸ ವಿಂಡೋಸ್ ಹಾಕುವ" ಅನ್ನುವ ಮಾತು ಕೇಳಿದರೇ ಮಂಡೆ ಬಿಸಿ. ಒಂದು ಫಾಂಟ್ ತಪ್ಪಿದರೆ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಅದಕ್ಕೇ ಕ್ಲೋನ್. ಯುಎಸ್‌ಬಿಯಿಂದ ಸಾಟಾಗೆ (ಡಿಸ್ಕ್ ಸಿಕ್ಕಿಸುವ ಕನೆಕ್ಟರ್) ಹೋಗುವ ಒಂದು ವಯರು ಸಿಗುತ್ತದೆ. ಅದರಲ್ಲಿ ಹೊಸ ಎಸ್‌ಎಸ್‌ಡಿ ಸಿಕ್ಕಿಸಿ, ಹಳೆ ಡಿಸ್ಕನ್ನು ಇದ್ದ ಹಾಗೇ ಅದಕ್ಕೆ ಇಳಿಸಿ, ಆಮೇಲೆ ಅದಲು ಬದಲು. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾದರೂ ತೊಂದರೆ ಇಲ್ಲ, ತುಂಬಿದ ಮಾಲು ಹಿಡಿಯಬೇಕು ಅಷ್ಟೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಹಾಕಿದ್ದರೆ ಮಾತ್ರ ರಿಕವರಿ ಕೀ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಬಿಚ್ಚುವುದು ಬ್ರಹ್ಮವಿದ್ಯೆ ಏನಲ್ಲ. ಬ್ಯಾಟರಿ ಕಳಚುವುದಾದರೆ ಮೊದಲು ಅದನ್ನು ತೆಗೆಯಿರಿ. ಸ್ಕ್ರೂ ಎಲ್ಲ ತೆಗೆದ ಮೇಲೂ ತಳ ಏಳದಿದ್ದರೆ ಬಲ ಹಾಕಬೇಡಿ, ರಬ್ಬರ್ ಕಾಲಿನ ಅಡಿಯಲ್ಲಿ ಇನ್ನೊಂದು ಅಡಗಿರುತ್ತದೆ. ಹಳೆ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ನಿಧಾನಕ್ಕೆ ಸರಿಸುತ್ತಾ ಬಂದರೆ ಟಕ್ ಟಕ್ ಅಂತ ಕ್ಲಿಪ್ಪುಗಳು ಬಿಡುತ್ತವೆ. ಕೈಗೆ ಬರುವ ಹಳೆ ಡಿಸ್ಕ್ ಭಾರ, ಹೊಸ ಎಸ್‌ಎಸ್‌ಡಿ ಅಂಗೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಎರಡೂವರೆ ಇಂಚಿನ ಆ ಪೆಟ್ಟಿಗೆಯೊಳಗೆ ಅರ್ಧಕ್ಕರ್ಧ ಖಾಲಿ ಜಾಗವೇ!

ಖರೀದಿಯಲ್ಲಿ ಎಡವುವುದು ಎಂ.2 ಅನ್ನುವ ಹೆಸರಿನಲ್ಲಿ. ಅದು ಪಟ್ಟಿಯಂಥ ಎಸ್‌ಎಸ್‌ಡಿಯ ಬರೀ ಆಕಾರ. ಕೆಲವು ಹಳೆ ಬೋರ್ಡುಗಳ ಎಂ.2 ಸ್ಲಾಟಿಗೆ ಸಾಟಾ ಮಾತ್ರ ಆಗುತ್ತದೆ, ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಬಗೆ) ತಂದರೆ ದುಡ್ಡು ನೀರಿಗೆ. ಹೆಸರೇ ಕೇಳದ ಕಂಪನಿಯದ್ದು ಅರ್ಧ ಬೆಲೆಗೆ 2 ಟಿಬಿ ಅಂತ ಆನ್‌ಲೈನಲ್ಲಿ ಕಂಡರೆ ಮುಟ್ಟಲೇಬೇಡಿ. "ಬರೆದು ಬರೆದು ಬೇಗ ಸವೆಯುತ್ತದಂತೆ" ಅನ್ನುವವರಿಗೆ ಲೆಕ್ಕ ಹೇಳುತ್ತೇನೆ: ಸ್ಯಾಮ್‌ಸಂಗ್ 870 ಇವೋದ 500 ಜಿಬಿ ಮಾದರಿಗೆ ಕಂಪನಿ ಕೊಟ್ಟ ಬರೆಯುವ ಮಿತಿ 300 ಟಿಬಿ, ಅಂದರೆ 3 ಲಕ್ಷ ಜಿಬಿ. ದಿನಕ್ಕೆ 20 ಜಿಬಿ ಬರೆದರೂ 40 ವರ್ಷ. ಅಷ್ಟರೊಳಗೆ ಲ್ಯಾಪ್‌ಟಾಪೇ ಗುಜರಿಗೆ.

ಆದರೆ ಎಸ್‌ಎಸ್‌ಡಿ ಹಾಕಿದರೆ ಎಲ್ಲ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ವೈಫೈ ನಿಧಾನ ಇದ್ದರೆ ನಿಧಾನವೇ. ವಿಡಿಯೋ ಎಡಿಟಿಂಗಿಗೆ ಪ್ರೊಸೆಸರ್ ಬೇಕು. 4 ಜಿಬಿ ರ್‍ಯಾಮ್ ಇದ್ದರೆ ಅದನ್ನೂ 8 ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಪ್ರೊಸೆಸರ್ ಇಂಟೆಲ್‌ನದ್ದಾದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚಿನದ್ದೇ ಆಗಬೇಕು. ಅದಕ್ಕಿಂತ ಹಳೆಯದಕ್ಕೆ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ ಮಕ್ಕಳಿಗೆ ಕೊಡಿ, ನಾಲ್ಕು ದಿನದಲ್ಲಿ ಅವರೇ ನಿಮಗೆ ಕಲಿಸುತ್ತಾರೆ. ನನ್ನ ಪೇಜ್‌ಮೇಕರ್ ಪೆಟ್ಟಿಗೆಗೆ ನೆಟ್ ಕೊಟ್ಟೇ ಇಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಹಾರ್ಡ್ ಡಿಸ್ಕ್ ಹಾಳಾಗುವ ಮುಂಚೆ ಎಷ್ಟೋ ಸಲ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಹಾಗಲ್ಲ, ನಿನ್ನೆ ಸರಿ ಇದ್ದದ್ದು ಇವತ್ತು ಬಯಾಸ್‌ನಲ್ಲೇ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪರದೆ) ಕಾಣುವುದಿಲ್ಲ, ಮತ್ತೆ ಅದರಿಂದ ಫೋಟೋ ಹೊರಗೆ ತೆಗೆಯುವುದು ಬಹಳ ಕಷ್ಟ. ಹಾಗಾಗಿ ಕಳಚಿದ ಹಳೆ ಡಿಸ್ಕ್ ಸರಿ ಇದ್ದರೆ ಬಿಸಾಡಬೇಡಿ, ಗುಜರಿಗಂತೂ ಕೊಡಲೇಬೇಡಿ. ನಿಮ್ಮ ಪಾನ್ ಕಾರ್ಡಿನಿಂದ ಹಿಡಿದು ಎಲ್ಲ ಅದರಲ್ಲೇ ಉಂಟು. ಯುಎಸ್‌ಬಿ ಕೇಸಿಗೆ ಹಾಕಿ ತಿಂಗಳಿಗೊಮ್ಮೆ ಬ್ಯಾಕಪ್ ಇಳಿಸಿ, ಕೆಲಸ ಮುಗಿದ ಕೂಡಲೇ ವಯರು ತೆಗೆದಿಡಿ. ಗುಡುಗು ಸಿಡಿಲಿನ ದಿನ ಡೆಸ್ಕ್‌ಟಾಪಿನ ಪ್ಲಗ್ಗೂ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ಕೆಳಗೆ ಹಾಕಿ, ಯಾವುದು ಹಿಡಿಯುತ್ತದೆ ಅಂತ ಬಿಡುವಾದಾಗ ಹೇಳುತ್ತೇನೆ. ರೇಟು ಮಾತ್ರ ಕೇಳಬೇಡಿ, ಅದು ದಿನಕ್ಕೊಂದು.