ಗೋಡೆಯಾಚೆಯ ಬೀದಿಗೆ ಎರಡು ಕಿಲೋಮೀಟರು

ಬೆಂಗಳೂರಿನ ಸರ್ಜಾಪುರ ರಸ್ತೆ, ವರ್ತೂರು, ಪಣತ್ತೂರು ಕಡೆಯ ಲೇಔಟುಗಳ ಒಳಗೆ ಹೋಗಿ ನೋಡಿ. ಮೂವತ್ತಡಿ ಡಾಂಬರು ರಸ್ತೆ ನೆಟ್ಟಗೆ ಹೋಗಿ ಕಾಂಪೌಂಡಿಗೆ ಬಡಿದು ನಿಲ್ಲುತ್ತದೆ. ಗೋಡೆ ಮೇಲೆ ಗಾಜಿನ ಚೂರು. ಆಚೆ ಅಷ್ಟೇ ಅಗಲದ ಇನ್ನೊಂದು ರಸ್ತೆ. ಅಲ್ಲಿನ ಮನೆಯ ಕುಕ್ಕರ್ ಸೀಟಿ ಈಚೆಗೆ ಕೇಳಿಸುತ್ತದೆ, ಅಲ್ಲಿಗೆ ಹೋಗಬೇಕಾದರೆ ಮಾತ್ರ ಮೇನ್ ರೋಡಿಗೆ ಬಂದು, ಯು-ಟರ್ನ್ ಹುಡುಕಿ, ಎರಡು ಕಿಲೋಮೀಟರು ಸುತ್ತಬೇಕು. ಬೆನ್ನು ತಾಗಿಸಿಕೊಂಡ ಮನೆಗಳ ನಡುವೆ ಇದೆಂಥ ಗತಿ?

ಆಗುವುದು ಹೀಗೆ. ಒಬ್ಬರ ಸರ್ವೆ ನಂಬರಿನಲ್ಲಿ ಎರಡೆಕರೆ. ಹೊಲವನ್ನು ಮನೆ ಕಟ್ಟುವ ಜಮೀನಾಗಿ ಕನ್ವರ್ಷನ್ ಮಾಡಿಸಿ, ನಡುವೆ ರಸ್ತೆ ಎಳೆದು, ಎರಡೂ ಕಡೆ 30×40 ಸೈಟು ಮಾಡಿ, ತುದಿಗೆ ಗೋಡೆ ಕಟ್ಟುತ್ತಾರೆ. ಗೇಟೆಡ್ ಅಂದರೆ ಚದರಡಿ ರೇಟು ಏರುತ್ತದೆ. ಪಕ್ಕದ ಜಮೀನಿನವರದೂ ಅದೇ ಲೆಕ್ಕ. ಹೊಲದ ಬದುಗಳೆಲ್ಲ ಗೋಡೆಗಳಾದವು. ಗ್ರಾಮನಕಾಶೆಯಲ್ಲಿ ಕಂಡ ಬಂಡಿದಾರಿ, ಕಾಲುದಾರಿ ಬಿ ಖರಾಬು, ಅಂದರೆ ಎಲ್ಲರ ಸೊತ್ತು. ಅವನ್ನೂ ಎಷ್ಟೋ ಕಡೆ ನುಂಗಿದ್ದಾರೆ. ಮಳೆನೀರಿನ ರಾಜಕಾಲುವೆ ಅಡ್ಡ ಬಂದರೆ ಮುಗಿಯಿತು, ದಾಟಲು ಒಂದು ಸ್ಲ್ಯಾಬ್ ಹಾಕುವವರಿಲ್ಲ.

ಇದೇ ಬೆಂಗಳೂರಿನಲ್ಲಿ 1890ರ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರ ಮಾಡಿದವರಿಗೆ ಮೇನು, ಕ್ರಾಸು ಕೂಡಿಸುವುದು ಗೊತ್ತಿತ್ತು. ಹತ್ತು ಮೇನು ಹತ್ತು ಕ್ರಾಸನ್ನು ಕಾಗದದ ಮೇಲೆ ಗೀಚಿ ಎಣಿಸಿ: ಕೂಡುವ ಜಾಗ ನೂರು, ಅವನ್ನು ಜೋಡಿಸುವ ರಸ್ತೆ ತುಂಡು 180. ಅದೇ ನೂರು ಜಾಗವನ್ನು ಈಗಿನ ಲೇಔಟುಗಳ ಹಾಗೆ ಮರದ ಕೊಂಬೆಗಳಂತೆ ಜೋಡಿಸಿದರೆ ತುಂಡು 99 ಮಾತ್ರ. ಮೊದಲನೆಯದರಲ್ಲಿ ಒಂದು ತುಂಡು ಅಗೆದರೆ ಪಕ್ಕದ ಕ್ರಾಸಿನಲ್ಲಿ ಹೋಗುತ್ತೀರಿ. ಎರಡನೆಯದರಲ್ಲಿ ಯುಜಿಡಿ (ಒಳಚರಂಡಿ) ಪೈಪಿಗೆ ಬುಡದಲ್ಲಿ ಅಗೆದರೆ ಇಡೀ ಕೊಂಬೆ ಒಳಗೇ ಬಂದಿ. ಆಂಬುಲೆನ್ಸೂ ಒಳಗೆ ಬರಲಾರದು. ಎದುರು ಗಲ್ಲಿಯ ಹಾಲಿನಂಗಡಿಗೂ ಸ್ಕೂಟರ್ ತೆಗೆಯಬೇಕು, ಸ್ಕೂಲ್ ವ್ಯಾನು, ನೀರಿನ ಟ್ಯಾಂಕರು ಎಲ್ಲವೂ ಅದೇ ಒಂದು ಮೇನ್ ರೋಡಿಗೆ ಸುರಿಯಬೇಕು. ಆಮೇಲೆ ಟ್ರಾಫಿಕ್ ಅಂತ ಅಲ್ಲೊಂದು ಫ್ಲೈಓವರು! ಫ್ಲೈಓವರು ಕಟ್ಟಿದರೆ ಗೋಡೆ ಬೀಳುತ್ತದೆಯೇ?

ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು. ಅಲ್ಲಿ ಸರಪಳಿ ಕಟ್ಟಿ, ಒಳಬರುವವರ ಹೆಸರು ಬರೆಸಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಹೊಸ ಲೇಔಟಿನ ನಕ್ಷೆಗೆ ಸಹಿ ಹಾಕುವ ಮೊದಲು ಅಧಿಕಾರಿಗಳು ಪಕ್ಕದ ಸರ್ವೆ ನಂಬರುಗಳ ನಕ್ಷೆಯನ್ನು ಪಕ್ಕದಲ್ಲಿ ಹರಡಿ ನೋಡಲಿ. ಕನಿಷ್ಠ ಎರಡು ದಿಕ್ಕಿಗೆ ರಸ್ತೆ ಗಡಿ ಮುಟ್ಟಲಿ. ಮುಟ್ಟಿದ ಜಾಗದಲ್ಲಿ ಗೋಡೆ ಕಟ್ಟಕೂಡದೆಂದು ರಸ್ತೆ ಬಿಟ್ಟುಕೊಡುವ ಪತ್ರದಲ್ಲೇ ಬರೆಸಲಿ. ಈಗಾಗಲೇ ಎದ್ದ ಗೋಡೆಗಳಲ್ಲಿ ಆರಡಿ ಸಂದು ಒಡೆಯಲಿ, ಕಾರು ನುಗ್ಗದಂತೆ ನಡುವೆ ಒಂದು ಕಲ್ಲುಕಂಬ ನೆಡಲಿ. ನಡೆಯುವವರಿಗೆ, ಸೈಕಲ್ಲಿಗೆ ಅಷ್ಟು ಸಾಕು.