ಹುಣಿಯ ಮೇಲೆ ಕೂತು ನೋಡುವ ಕ್ರಿಕೆಟ್

ಮಳೆಗಾಲದ ಭತ್ತದ ಬೆಳೆ ಏಣೆಲಿನ ಕೊಯ್ಲು ಮುಗಿದು ಗದ್ದೆ ಒಣಗಿದರೆ ಸಾಕು, ನಮ್ಮ ದಕ್ಷಿಣ ಕನ್ನಡದ ಊರುಗಳಲ್ಲಿ ಬ್ಯಾನರ್ ಏಳಲು ಶುರು. ‘ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟ’ ಎಂಬ ಅಕ್ಷರ ದೊಡ್ಡದು. ಅದರ ಕೆಳಗಿನ ಅತಿಥಿಗಳ ಫೋಟೋ ಇನ್ನೂ ದೊಡ್ಡದು. ಬಹುಮಾನದ ಸಾಲಿನಲ್ಲಿ ನಗದು, ಜೊತೆಗೆ ಶಾಶ್ವತ ಫಲಕ. ಆಡುವ ಹುಡುಗರ ಹೆಸರು ಹುಡುಕಬೇಡಿ, ಅದಕ್ಕೆ ಬ್ಯಾನರಿನಲ್ಲಿ ಜಾಗ ಉಳಿದಿರುವುದಿಲ್ಲ.

ಭಾನುವಾರ ಊಟ ಮುಗಿಸಿ ಹೋಗಿ ಹುಣಿಯ, ಅಂದರೆ ಗದ್ದೆಯ ಬದುವಿನ ಮೇಲೆ ಕೂರುವುದು ನನ್ನ ಪದ್ಧತಿ. ಟಿಕೆಟ್ ಇಲ್ಲ, ಸೀಟ್ ನಂಬರ್ ಇಲ್ಲ. ಎಲ್ಲಿ ಕೂರಬೇಕೆಂದು ಹೇಳುವುದು ನೆರಳು. ಗದ್ದೆಯ ಬದಿಗೆ ಒಂದೇ ಒಂದು ಹಲಸಿನ ಮರ. ಪಂದ್ಯ ಶುರುವಾದಾಗ ನಾವು ಥರ್ಡ್ ಮ್ಯಾನ್ ಹಿಂದೆ ಕೂತಿರುತ್ತೇವೆ. ನೆರಳು ಸರಿದ ಹಾಗೆ ನಾವೂ ಚಪ್ಪಲಿ ಹಿಡಿದು ಸರಿಯುತ್ತೇವೆ. ಬಿಸಿಲು ಇಳಿಯುವ ಹೊತ್ತಿಗೆ ಇಡೀ ಗುಂಪು ಪಾಯಿಂಟ್ ಹತ್ತಿರ ಬಂದು, ಸುಣ್ಣದ ಗೆರೆ ದಾಟಿ ಒಳಗೇ ಕೂತಿರುತ್ತದೆ. ಫೀಲ್ಡರ್ ಹುಡುಗ ನಮ್ಮ ಕಾಲು ದಾಟಿಕೊಂಡು ಓಡುತ್ತಾನೆ. ಎಡವಿದರೆ ನಮ್ಮನ್ನೇ ಬೈಯುತ್ತಾನೆ. ಬೈಯಲಿ, ಅವನದ್ದೇನೂ ತಪ್ಪಿಲ್ಲ.

ಇಷ್ಟು ಹತ್ತಿರ ಕೂರುವ ಧೈರ್ಯ ಬರುವುದು ಚೆಂಡಿನಿಂದಾಗಿ. ಅಸಲಿ ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಇಲ್ಲಿ ಆಡುವ ಟೆನಿಸ್ ಚೆಂಡು 60 ಗ್ರಾಂ ಕೂಡ ಇಲ್ಲ. ಪ್ಯಾಡ್ ಬೇಡ, ಹೆಲ್ಮೆಟ್ ಬೇಡ, ಬರಿಗಾಲಲ್ಲಿ ಬ್ಯಾಟಿಂಗಿಗೆ ಇಳಿದರೂ ಯಾರೂ ಕೇಳುವುದಿಲ್ಲ. ಆದರೆ ಹಗುರ ಚೆಂಡನ್ನು ದೂರ ಕಳಿಸಲು ರಟ್ಟೆ ಬೇಕು. ಟೈಮಿಂಗ್ ಚೆನ್ನಾಗಿದ್ದರೂ ಸಂಜೆಯ ಕಡಲಗಾಳಿ ಎದುರಾದರೆ ಸಿಕ್ಸರ್ ಆಗಬೇಕಾದದ್ದು ಲಾಂಗ್ ಆನ್‌ನಲ್ಲಿ ಕ್ಯಾಚ್ ಆಗಿ ಮುಗಿಯುತ್ತದೆ.

ಇನ್ನು ಅಂಡರ್‌ಆರ್ಮ್, ಅಂದರೆ ಕೈಯನ್ನು ತಲೆಯ ಮೇಲಿಂದ ತಿರುಗಿಸದೆ ಕೆಳಗಿನಿಂದ ಬೀಸುವ ಬೌಲಿಂಗ್. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡಿಗೆ ಪಂದ್ಯ ಸಮ ಮಾಡಲು ಕೊನೆಯ ಚೆಂಡಿಗೆ ಆರು ರನ್ ಬೇಕಿತ್ತು. ಆಸ್ಟ್ರೇಲಿಯಾದ ಕಪ್ತಾನ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಹೇಳಿ ಚೆಂಡನ್ನು ಅಂಡರ್‌ಆರ್ಮ್‌ನಲ್ಲಿ ನೆಲದ ಮೇಲೆ ಉರುಳಿಸುವಂತೆ ಮಾಡಿದ. ಎದುರಿಗಿದ್ದ ಮೆಕೆಕ್ನಿ ಚೆಂಡು ತಡೆದು, ಸಿಟ್ಟಿನಲ್ಲಿ ಬ್ಯಾಟ್ ಎಸೆದ. ಎರಡು ದೇಶಗಳ ಪ್ರಧಾನಿಗಳು ಕೂಡ ಖಂಡಿಸಿದರು. ಆಮೇಲೆ ನಿಯಮವೇ ಬದಲಾಯಿತು. ಜಗತ್ತು ನಾಚಿಕೊಂಡು ಬಿಟ್ಟದ್ದನ್ನು ನಮ್ಮ ಕರಾವಳಿಯವರು ಟ್ರೋಫಿ ಇಟ್ಟು ಆಡುತ್ತಾರೆ! ಹಾಗಂತ ಇಲ್ಲಿ ಚೆಂಡು ಉರುಳಿಸುವುದಿಲ್ಲ. ಕೈ ಕೆಳಗಿನಿಂದಲೇ ಬೀಸಿ ಪುಟಿಸುತ್ತಾರೆ. ಬಿಡುವ ಕ್ಷಣದಲ್ಲಿ ಮಣಿಕಟ್ಟು ತಿರುಗುವುದನ್ನು ಹತ್ತಿರದಿಂದ ನೋಡಬೇಕು. ಆಫ್‌ಗೆ ಬಿದ್ದದ್ದು ಕೂಳೆಯ ಮೇಲೆ ಪುಟಿದು ಲೆಗ್ ಸ್ಟಂಪಿನ ಬೇಲ್ಸ್ ಹಾರಿಸಿರುತ್ತದೆ. ಪಿಚ್ ಮಾಡಿದ್ದೋ ಬೌಲರ್ ಮಾಡಿದ್ದೋ, ಯಾರಿಗೂ ಗೊತ್ತಾಗುವುದಿಲ್ಲ. ಬೌಲರ್ ಮಾತ್ರ ಗೊತ್ತಿದ್ದವನ ಹಾಗೆ ನಗುತ್ತಾನೆ.

ನಿಯಮಗಳು ಊರಿಗೊಂದು. ಸ್ಟಂಪಿಗೆ ಹೋಗುವ ಚೆಂಡು ಕಾಲಿಗೆ ತಾಗಿದರೆ ಔಟ್ ಕೊಡುವ ಎಲ್‌ಬಿಡಬ್ಲ್ಯೂ ಸಾಮಾನ್ಯವಾಗಿ ಇರುವುದಿಲ್ಲ, ಅದಿದ್ದರೆ ಜಗಳದಲ್ಲಿ ಪಂದ್ಯ ಮುಗಿಯುವುದೇ ಇಲ್ಲ. ಅಡಿಕೆ ತೋಟಕ್ಕೆ ಬಿದ್ದರೆ ಎರಡೇ ರನ್. ಅದು ತೋಟದ ಯಜಮಾನರ ಜೊತೆ ಆದ ಒಪ್ಪಂದ. ಇದನ್ನೆಲ್ಲ ನೋಡಿ ನಗುವವರು ಇಂಗ್ಲೆಂಡಿನ ಕ್ಯಾಂಟರ್‌ಬರಿ ಮೈದಾನವನ್ನು ನೆನಪಿಸಿಕೊಳ್ಳಬೇಕು. ಅಲ್ಲಿ ಬೌಂಡರಿಯ ಒಳಗೇ ಒಂದು ದೊಡ್ಡ ಮರವಿತ್ತು. ಚೆಂಡು ಅದಕ್ಕೆ ತಾಗಿದರೆ ನಾಲ್ಕು ರನ್. 2005ರಲ್ಲಿ ಗಾಳಿಗೆ ಬೀಳುವವರೆಗೂ ದೊಡ್ಡ ದೊಡ್ಡ ಆಟಗಾರರು ಆ ಮರದ ಲೆಕ್ಕ ಇಟ್ಟುಕೊಂಡೇ ಆಡಿದರು. ನಮ್ಮ ಹಲಸಿನ ಮರಕ್ಕೂ ಅಷ್ಟು ಗೌರವ ಬೇಡವಾ?

ಆದರೆ ನಾನು ಹೋಗುವುದು ವೀಕ್ಷಕ ವಿವರಣೆ ಕೇಳುವುದಕ್ಕೇ ಜಾಸ್ತಿ. ಶಾಮಿಯಾನದಡಿ ಮೈಕ್ ಹಿಡಿದವರಿಗೆ ಬೆಳಗ್ಗಿನಿಂದ ಉಸಿರಿಲ್ಲ. ಕನ್ನಡದಲ್ಲಿ ಶುರುವಾದ ಮಾತು ಚೆಂಡು ಮೇಲೇಳುವಾಗ ತುಳುವಿಗೆ ತಿರುಗಿ, ಕ್ಯಾಚ್ ಬಿಟ್ಟಾಗ ಬರೀ ಒಂದು ‘ಅಯ್ಯಯ್ಯೋ’ದಲ್ಲಿ ನಿಲ್ಲುತ್ತದೆ. ನಡುವೆ ಬೇರೆ ಜವಾಬ್ದಾರಿಗಳೂ ಇವೆ. “ಚೆಂಡು ಬೌಂಡರಿಯತ್ತ ಸಾಗುತ್ತಿದೆ, ದಾರಿಗೆ ಅಡ್ಡ ಬೈಕ್ ಇಟ್ಟವರು ಕೂಡಲೇ ತೆಗೆಯಬೇಕು, ಬೌಂಡರಿ, ನಾಲ್ಕು ರನ್, ಊಟಕ್ಕೆ ಅಕ್ಕಿ ಕೊಟ್ಟ ಮಹನೀಯರಿಗೆ ಧನ್ಯವಾದಗಳು.” ಎಲ್ಲವೂ ಒಂದೇ ಉಸಿರಿಗೆ. ಬೌಂಡರಿ ಹೊಡೆದದ್ದು ಯಾರು ಎಂದು ಕೊನೆಗೂ ಗೊತ್ತಾಗುವುದಿಲ್ಲ.

ನೋಡುವವರಿಗೂ ಕೆಲಸ ಇದೆ. ಚೆಂಡು ತೋಡಿಗೆ ಬಿದ್ದರೆ ಹುಡುಕಿಕೊಡಬೇಕು. ಗೆರೆ ದಾಟಿತೋ ಇಲ್ಲವೋ ಎಂದು ಅಂಪೈರ್ ನಮ್ಮ ಮುಖ ನೋಡುತ್ತಾನೆ. ಒಮ್ಮೆ ಪಕ್ಕದಲ್ಲಿ ಕೂತ ಅಜ್ಜರು ಚರ್ಮುರಿ ಪೊಟ್ಟಣದಿಂದ ತಲೆ ಎತ್ತದೆ ನಾಲ್ಕು ಬೆರಳು ತೋರಿಸಿಬಿಟ್ಟರು. ಅಂಪೈರ್ ಕೂಡ ಕೈ ಬೀಸಿದ.

“ನೀವು ನೋಡಿದ್ದೀರಾ ಅಜ್ಜ?” ಎಂದೆ.

“ಎಂತ ನೋಡುವುದು ಮಾರಾಯ, ಹೊಡೆದದ್ದು ನನ್ನ ಪುಳ್ಳಿ ಅಲ್ವಾ?”

ಹೊಡೆದದ್ದು ಅಜ್ಜರ ಮೊಮ್ಮಗ ಅಂತ ಅಂಪೈರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಮುಖ್ಯ ಅತಿಥಿ ಬಂದರೆ ಆಟ ನಿಲ್ಲುತ್ತದೆ. ಸೆಮಿಫೈನಲ್ಲಿನ ಕೊನೆಯ ಓವರ್ ಆದರೂ ಸರಿ, ಎಲ್ಲರೂ ಸಾಲಾಗಿ ನಿಂತು ಕೈ ಕುಲುಕಬೇಕು. ಅತಿಥಿಗಳಿಗೆ ಒಂದು ಚೆಂಡು ಆಡುವ ಆಸೆ. ಅದಕ್ಕೆ ಅವರು ಔಟಾಗುವ ಹಾಗಿಲ್ಲ, ಬೌಲರ್ ಅಷ್ಟು ಜೋಪಾನವಾಗಿ ಹಾಕುತ್ತಾನೆ.

ಫೈನಲ್ ಮುಗಿಯುವಾಗ ಟ್ಯೂಬ್‌ಲೈಟ್ ಹತ್ತಿರುತ್ತದೆ. ಕೊನೆಯ ಚೆಂಡು ನೋಬಾಲ್ ಅಂತ ಒಂದು ತಂಡ, ಅಲ್ಲ ಅಂತ ಇನ್ನೊಂದು. ವೇದಿಕೆಯ ಮೇಲೆ ಅತಿಥಿಗಳು ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕೆಂದು ನಿಧಾನವಾಗಿ ವಿವರಿಸುತ್ತಾರೆ. ವೇದಿಕೆಯ ಹಿಂದೆ ಸೋತ ತಂಡದವರು ಅಂಪೈರನ್ನು ಇನ್ನೂ ಬಿಟ್ಟಿರುವುದಿಲ್ಲ.